ಕಾಲು ಕತ್ತರಿಸಲು ಒಪ್ಪಿದ ಕಾರ್ಡು: ಆರೋಗ್ಯ ಸಚಿವರಿಗೆ ಗಂಗಾವತಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಬಿಪಿಎಲ್ ಕಾರ್ಡು ಇದೆ, ಈಗ ನಾಲ್ಕು ಕಡೆ ಸಾಲವೂ ಇದೆ. ಮಗಳ ಮದುವೆಗೋ ಬೋರು ಕೊರೆಸುವುದಕ್ಕೋ ಮಾಡಿದ ಸಾಲವಾಗಿದ್ದರೆ ಊರಿನವರು ಅರ್ಥ ಮಾಡಿಕೊಳ್ಳುತ್ತಿದ್ದರು. ನಾನು ಸಾಲ ಮಾಡಿದ್ದು ಬೊಜ್ಜು ಇಳಿಸುವ ಆಪರೇಷನ್ನಿಗೆ. ವೈದ್ಯರು ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಇದನ್ನು ಓದಿ ತಾವು ಸಣ್ಣಗೆ ನಕ್ಕರೆ ನನಗೆ ಬೇಸರವಿಲ್ಲ. ನಮ್ಮ ಓಣಿಯಲ್ಲಿ ಎಲ್ಲರೂ ನಕ್ಕಿದ್ದಾರೆ. ನಕ್ಕಾದ ಮೇಲೆ ಪತ್ರವನ್ನು ಪೂರ್ತಿ ಓದಬೇಕೆಂದಷ್ಟೇ ಕೇಳಿಕೊಳ್ಳುತ್ತೇನೆ.

ನನ್ನ ತಕರಾರು ಇದು. ವಿಪರೀತ ಬೊಜ್ಜಿನಿಂದ ಹುಟ್ಟುವ ಅನಾಹುತಗಳಿಗೆಲ್ಲ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯ ಆರೋಗ್ಯ ಕಾರ್ಡಿನಲ್ಲಿ ಹಣವಿದೆ. ಹೃದಯದ ರಕ್ತನಾಳ ಕಟ್ಟಿದರೆ ಸ್ಟೆಂಟ್ ಹಾಕಿಸುತ್ತದೆ, ಮೂತ್ರಪಿಂಡ ಕೆಟ್ಟರೆ ಡಯಾಲಿಸಿಸ್ ಮಾಡಿಸುತ್ತದೆ, ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತರೆ ಕತ್ತರಿಸಲು ಅನುಮತಿ ಕೊಡುತ್ತದೆ. ಈ ಮೂರನ್ನೂ ಎಷ್ಟೋ ಜನರಲ್ಲಿ ಮೊದಲೇ ತಡೆಯಬಲ್ಲ ಚಿಕಿತ್ಸೆಯನ್ನು ಕೇಳಿದಾಗ ಮಾತ್ರ ‘ಪಟ್ಟಿಯಲ್ಲಿ ಇಲ್ಲ’ ಎಂಬ ಉತ್ತರ ಬರುತ್ತದೆ. ಕಾಲುವೆ ಒಡೆದ ಜಾಗವನ್ನು ಹಾಗೆಯೇ ಬಿಟ್ಟು, ನೀರು ನಿಂತ ಹೊಲಗಳಿಗೆ ವರ್ಷವರ್ಷವೂ ಪರಿಹಾರ ಹಂಚಿದಂತಾಯಿತು ಇದು.

ನನ್ನ ಸ್ಥಿತಿ ಹೇಗಿತ್ತು ಎಂಬುದನ್ನು ಸಂಕೋಚ ಬಿಟ್ಟು ಬರೆಯುತ್ತೇನೆ. ಎತ್ತರ 155 ಸೆಂ.ಮೀ., ತೂಕ 108 ಕೆ.ಜಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಬಿಎಂಐ ಎಂಬ ಸಂಖ್ಯೆ 45ರ ಹತ್ತಿರ. ಭಾರತೀಯರಿಗೆ ಅದು 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಾಕುತ್ತಾರೆ. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚಿಕೊಂಡರೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹತ್ತಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಯಜಮಾನರು ಹೆದರಿ ಎಬ್ಬಿಸುತ್ತಿದ್ದರು. ಹಗಲು ಗಿರಣಿಯ ಕಚೇರಿಯಲ್ಲಿ ಲೆಡ್ಜರ್ ಮುಂದೆ ತೂಕಡಿಸಿ, ಕ್ವಿಂಟಲ್ ಬರೆಯುವ ಕಡೆ ಚೀಲ ಬರೆದಿಟ್ಟರೆ ಮಾಲೀಕರು ಸುಮ್ಮನಿರುತ್ತಾರೆಯೇ?

ತಿನ್ನುವುದನ್ನು ಕಡಿಮೆ ಮಾಡಿ ಎಂದು ಎಲ್ಲರೂ ಹೇಳಿದರು. ಮಾಡಿದೆ. ಅನ್ನ ಬಿಟ್ಟೆ, ರೊಟ್ಟಿಗೆ ಇಳಿದೆ. ಸಂಜೆಯ ಒಗ್ಗರಣೆ–ಮಿರ್ಚಿಯ ಕಡೆ ತಿರುಗಿ ನೋಡಲಿಲ್ಲ. ಬೆಳಗಿನ ಕತ್ತಲಲ್ಲಿ ಜೂನಿಯರ್ ಕಾಲೇಜಿನ ಮೈದಾನ ಸುತ್ತಿದೆ. ಪುಡಿ, ಕಷಾಯ, ಪರಿಚಯದವರು ಮಾರುವ ಡಬ್ಬಿಯ ಶೇಕು, ಎಲ್ಲವೂ ಆಯಿತು. ಪ್ರತಿ ಸಲವೂ ಒಂದಿಷ್ಟು ತೂಕ ಇಳಿದು, ಸ್ವಲ್ಪ ಹೆಚ್ಚೇ ಆಗಿ ವಾಪಸು ಬಂತು. ಇದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ ಎಂದು ನನಗೆ ಮೊದಲು ಹೇಳಿದವರು ಬೆಂಗಳೂರಿನ ಒಬ್ಬ ವೈದ್ಯೆ. ತೂಕ ಇಳಿದೊಡನೆ ದೇಹವು ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ತಾನು ಸುಡುವ ಶಕ್ತಿಯನ್ನು ಕಡಿಮೆ ಮಾಡಿಕೊಳ್ಳುತ್ತದೆ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ವರ್ಷಗಟ್ಟಲೆ ಹಟ ಹಿಡಿಯುತ್ತದೆ. ಹತ್ತಿಪ್ಪತ್ತು ಕೆ.ಜಿ. ಹೆಚ್ಚಿರುವವರು ಊಟ, ನಡಿಗೆಯಿಂದ ಗೆಲ್ಲಬಹುದು. ನನ್ನಂಥ ದೇಹದಲ್ಲಿ ಗೆದ್ದವರು ಬಹಳ ಕಡಿಮೆ.

ಕಾರ್ಡು ಹಿಡಿದು ಹೋದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿನ ಕೌಂಟರಿನಲ್ಲಿ ಕುಳಿತಿದ್ದ ಆರೋಗ್ಯಮಿತ್ರ, ಎಂದರೆ ಕಾರ್ಡಿನವರಿಗೆ ನೆರವಾಗುವ ಯೋಜನೆಯ ಸಿಬ್ಬಂದಿ, ಒಳ್ಳೆಯ ಹುಡುಗ. ವೈದ್ಯರ ಚೀಟಿಯನ್ನು ಎರಡು ಸಲ ಓದಿದ, ಕಂಪ್ಯೂಟರಿನಲ್ಲಿ ಹುಡುಕಿದ, ಮೇಲಿನವರಿಗೆ ಫೋನ್ ಮಾಡಿದ. “ಅಕ್ಕ, ಇದಕ್ಕೆ ಕೋಡ್ ಸಿಗುತ್ತಿಲ್ಲ. ಇದು ಸೌಂದರ್ಯದ ಆಪರೇಷನ್ ಇದ್ದ ಹಾಗೆ, ಕಾರ್ಡಿಗೆ ಬರುವುದಿಲ್ಲ ಎನ್ನುತ್ತಿದ್ದಾರೆ” ಎಂದ. ನನ್ನ ಹಿಂದೆ ಸಾಲಿನಲ್ಲಿದ್ದ ಹಿರಿಯರೊಬ್ಬರು, “ತಿಂದು ಬೆಳೆಸಿಕೊಂಡದ್ದಕ್ಕೂ ಸರ್ಕಾರ ಕೊಡಬೇಕೇನವ್ವ?” ಎಂದರು. ಆ ಹಿರಿಯರ ಕೈಯಲ್ಲಿ ಬಾಯಿ ಕ್ಯಾನ್ಸರಿನ ಫೈಲು ಇತ್ತು, ಅಂಗಿಯ ಜೇಬಿನಲ್ಲಿ ಗುಟ್ಕಾ ಚೀಟಿಯೂ ಇತ್ತು. ಅವರ ಚಿಕಿತ್ಸೆಗೆ ಕಾರ್ಡು ಒಪ್ಪಿತು. ಒಪ್ಪಲೇಬೇಕು. ಕಾಯಿಲೆ ಬಂದವರನ್ನು ನಿಲ್ಲಿಸಿ, ಇದನ್ನು ನೀನೇ ತಂದುಕೊಂಡೆಯೋ ತಾನಾಗಿ ಬಂತೋ ಎಂದು ಸರ್ಕಾರ ವಿಚಾರಣೆ ಮಾಡುವುದಿಲ್ಲ, ಮಾಡಬಾರದು. ಆ ಔದಾರ್ಯ ದಪ್ಪಗಿರುವವರ ಸರದಿ ಬಂದಾಗ ಏಕೆ ನಿಂತುಹೋಗುತ್ತದೆ ಎಂಬುದೇ ನನಗೆ ಅರ್ಥವಾಗದ ಸಂಗತಿ.

ನನ್ನ ತಾಯಿಯ ವಿಷಯವನ್ನು ಹೇಳಲೇಬೇಕು. ಅವರಿಗೂ ಇದೇ ದೇಹ, ಇದೇ ಸಕ್ಕರೆ ಕಾಯಿಲೆ. ಕಾರಟಗಿ ಕಡೆ ಕ್ಯಾಂಪ್ ಎಂದು ಕರೆಯುವ ರೈತರ ವಸತಿಯೊಂದರಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದರು. ದಿನವೆಲ್ಲ ಬಗ್ಗಿ ದುಡಿಯುವ ಹೆಂಗಸು ದಪ್ಪಗಾಗುವುದಿಲ್ಲ ಎಂದು ತಾವು ನಂಬಿದ್ದರೆ ನಮ್ಮ ಸೀಮೆಗೆ ಬಂದು ನೋಡಿ. ಕೆಸರಿನಲ್ಲಿ ಕಾಲಿಗೆ ಏನೋ ಚುಚ್ಚಿತು. ನರಗಳು ಸತ್ತಿದ್ದರಿಂದ ನೋವು ತಿಳಿಯಲಿಲ್ಲ. ಮೊದಲು ಎರಡು ಬೆರಳು ಹೋದವು, ಆಮೇಲೆ ಮೊಣಕಾಲಿನ ಕೆಳಗೆ ಕಾಲು ಹೋಯಿತು. ಎರಡೂ ಸಲ ಕಾರ್ಡು ಕೆಲಸ ಮಾಡಿತು, ನಮ್ಮಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ, ಆ ಕಾರ್ಡು ಇಲ್ಲದಿದ್ದರೆ ತಾಯಿ ಅಂದೇ ತೀರಿಹೋಗುತ್ತಿದ್ದರು. ಅನಂತರ ಮೂತ್ರಪಿಂಡಗಳು ಕೈಕೊಟ್ಟವು. ಡಯಾಲಿಸಿಸ್ಸೂ ಉಚಿತವಾಗಿಯೇ ನಡೆಯಿತು, ಅವರು ಇರುವವರೆಗೂ.

ಈಗ ನನ್ನ ಕಸುಬಿನ ಮಾತು. ಡಯಾಲಿಸಿಸ್ ವಾರಕ್ಕೆ ಮೂರು ಸಲ ಎಂದರೆ ವರ್ಷಕ್ಕೆ 156 ಸಲ. ಒಂದು ಸಲಕ್ಕೆ ಸಾವಿರ ರೂಪಾಯಿ ಎಂದು ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ ವರ್ಷಕ್ಕೆ 1,56,000. ಮೂರು ವರ್ಷಕ್ಕೆ 4,68,000. ನನ್ನ ಆಪರೇಷನ್ನಿಗೆ, ಖಾಸಗಿ ಆಸ್ಪತ್ರೆಯ ದರದಲ್ಲಿ, ಪರೀಕ್ಷೆ, ಪ್ರಯಾಣ, ಔಷಧ ಎಲ್ಲ ಸೇರಿ ಆದ ಖರ್ಚು 4,35,000. ಸರ್ಕಾರ ತನ್ನ ಪ್ಯಾಕೇಜ್ ದರದಲ್ಲಿ ಮಾಡಿಸಿದ್ದರೆ ಇದಕ್ಕಿಂತ ಬಹಳ ಕಡಿಮೆಯಾಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಆ 4,35,000 ಎಲ್ಲಿಂದ ಬಂತು ಎಂಬುದನ್ನು ತಮ್ಮ ಇಲಾಖೆಯ ಅಧಿಕಾರಿಗಳು ತಿಳಿದುಕೊಳ್ಳಬೇಕು. ಯಾಕೆಂದರೆ ‘ಜನರು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳುತ್ತಾರೆ’ ಎಂದು ಕಡತದಲ್ಲಿ ಬರೆಯುವುದು ಸುಲಭ. ತವರಿನ ಬಂಗಾರ ಅಡವಿಟ್ಟು ತಂದದ್ದು 1,80,000. ಎರಡು ಲಕ್ಷದ ಚೀಟಿಯನ್ನು ಅವಧಿಗೆ ಮೊದಲೇ ಸವಾಲಿನಲ್ಲಿ ಕೂಗಿ ಎತ್ತಿದ್ದರಿಂದ ಕೈಗೆ ಬಂದದ್ದು 1,55,000. ಉಳಿದ 45,000 ಬೇರೆಯವರ ಪಾಲಿಗೆ ಹೋಯಿತು, ಕಂತು ಮಾತ್ರ ಪೂರ್ತಿ ಎರಡು ಲಕ್ಷಕ್ಕೆ ಕಟ್ಟಬೇಕು. ಗಿರಣಿ ಮಾಲೀಕರು ಸಂಬಳದಲ್ಲಿ ಹಿಡಿದುಕೊಳ್ಳುವ ಷರತ್ತಿನ ಮೇಲೆ 50,000 ಮುಂಗಡ ಕೊಟ್ಟರು. ನನ್ನ ತಮ್ಮ 50,000 ಕೊಟ್ಟ. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಸಿಗುವುದೋ ಇಲ್ಲವೋ ಎಂದು ತುಂಗಭದ್ರೆಯ ಕಡೆ ನೋಡುತ್ತ ಕೂರುವ ರೈತನ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಅವನ ಹೆಂಡತಿ ನನ್ನ ಜೊತೆ ಈಗಲೂ ಸರಿಯಾಗಿ ಮಾತನಾಡುವುದಿಲ್ಲ. ಅವಳನ್ನು ನಾನು ದೂರುವುದಿಲ್ಲ.

ಖರ್ಚಾದದ್ದು ಹೀಗೆ: ಆಸ್ಪತ್ರೆಯ ಪ್ಯಾಕೇಜ್ 3,60,000. ಅದಕ್ಕೆ ಮೊದಲು ಎಂಡೋಸ್ಕೋಪಿ, ಹೃದಯದ ಎಕೋ, ರಾತ್ರಿ ನಿದ್ದೆಯ ಪರೀಕ್ಷೆ ಮುಂತಾದವಕ್ಕೆ 22,000. ಪ್ರೋಟೀನ್ ಪುಡಿ, ವಿಟಮಿನ್, ಔಷಧಗಳಿಗೆ 35,000. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬಂದದ್ದು, ಜೊತೆಗಿದ್ದವರು ಲಾಡ್ಜಿನಲ್ಲಿ ಉಳಿದದ್ದು ಸೇರಿ 18,000. ಆಸ್ಪತ್ರೆಯ ಬಿಲ್ಲಿನಲ್ಲಿ ನನ್ನ ಕಣ್ಣು ನಿಂತದ್ದು ಒಂದು ಸಾಲಿನ ಮೇಲೆ. ಹೊಟ್ಟೆಯನ್ನು ಕತ್ತರಿಸುತ್ತಲೇ ಹೊಲಿಯುವ ಸ್ಟೇಪ್ಲರ್ ಮತ್ತು ಅದಕ್ಕೆ ತುಂಬುವ ಕಾರ್ಟ್ರಿಜ್‌ಗಳಿಗೇ ಲಕ್ಷದ ಹತ್ತಿರ. ಒಂದು ಸಲ ಬಳಸಿ ಎಸೆಯುವ ಸಾಮಾನು ಅದು.

ಈ ಸಾಲಿನ ಬಗ್ಗೆ ಸರ್ಕಾರಗಳು ಏನಾದರೂ ಮಾಡಬಹುದು ಎಂದು ನಾನು ನಂಬುವುದಕ್ಕೆ ಕಾರಣವಿದೆ. 2017ರ ಫೆಬ್ರುವರಿಯಲ್ಲಿ ಎನ್‌ಪಿಪಿಎ ಎಂಬ ಕೇಂದ್ರದ ಔಷಧ ದರ ಪ್ರಾಧಿಕಾರವು ಹೃದಯದ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿನ ಬೆಲೆ ತೆರಿಗೆ ಬಿಟ್ಟು 30 ಸಾವಿರದ ಒಳಗೆ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಬೆಲೆ ಕಟ್ಟಿದರು. ಹೊಟ್ಟೆಯ ಸ್ಟೇಪ್ಲರ್‌ಗೂ ಹಾಗೆಯೇ ಮಿತಿ ಹಾಕಿ ಎಂದು ರಾಜ್ಯ ಸರ್ಕಾರ ಕೇಂದ್ರಕ್ಕೊಂದು ಪತ್ರ ಬರೆಯಲು ಬಜೆಟ್ಟಿನಲ್ಲಿ ಹಣ ಇಡಬೇಕಾಗಿಲ್ಲ.

‘ಸೌಂದರ್ಯದ ಆಪರೇಷನ್’ ಎಂಬ ಮಾತಿಗೆ ಬರುತ್ತೇನೆ. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ, ಇದು ಬೇರೆ. ಇದರಲ್ಲಿ ಒಂದು ತುಣುಕು ಕೊಬ್ಬನ್ನೂ ತೆಗೆಯುವುದಿಲ್ಲ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲಿಗೂ ಹೆಚ್ಚು ಭಾಗವನ್ನು ತೆಗೆದು, ಉಳಿದದ್ದನ್ನು ಕೊಳವೆಯಂತೆ ಮಾಡುತ್ತಾರೆ. ನನಗೆ ಮಾಡಿದ್ದು ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ನೇರವಾಗಿ ಸಣ್ಣ ಕರುಳನ್ನು ತಂದು ಜೋಡಿಸುತ್ತಾರೆ. ಆಹಾರವು ದಾರಿ ಬದಲಿಸಿದ ಕೂಡಲೇ ಕರುಳಿನ ಹಾರ್ಮೋನುಗಳು ಬದಲಾಗುತ್ತವೆ, ಇನ್ಸುಲಿನ್ ಸ್ರವಿಸಲು ಪ್ರಚೋದಿಸುವ ಜಿಎಲ್‌ಪಿ-1 ಹೆಚ್ಚುತ್ತದೆ. ಹೀಗಾಗಿ ತೂಕ ಇಳಿಯುವುದಕ್ಕೆ ಮೊದಲೇ ಸಕ್ಕರೆ ಇಳಿಯಲು ಆರಂಭಿಸುತ್ತದೆ. ಆಸ್ಪತ್ರೆಯಿಂದ ಬಿಡುವ ದಿನವೇ ನನ್ನ ಇನ್ಸುಲಿನ್ ಪ್ರಮಾಣವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದರು. ಆಗ ತೂಕದ ಯಂತ್ರದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ವರ್ಷ ಕಳೆದ ಮೇಲೆ ನನ್ನ ತೂಕ 74 ಕೆ.ಜಿ. ಇನ್ಸುಲಿನ್ ಪೂರ್ತಿ ನಿಂತಿದೆ, ಒಂದು ಮಾತ್ರೆ ಉಳಿದಿದೆ. ರಾತ್ರಿ ಉಸಿರು ನಿಲ್ಲುವುದಿಲ್ಲ. ಚೆಲುವೆ ಆಗಿದ್ದೇನೆಯೇ ಎಂದು ಕೇಳಿದರೆ, ಇಲ್ಲ: ಕೂದಲು ಕಂತೆ ಕಂತೆಯಾಗಿ ಉದುರಿತು, ತೋಳಿನ ಚರ್ಮ ಜೋತು ಬಿದ್ದಿದೆ. ಸೌಂದರ್ಯಕ್ಕಾಗಿ ಮಾಡಿಸಿಕೊಂಡಿದ್ದರೆ ನಾನು ಹಣ ವಾಪಸು ಕೇಳಬೇಕಾಗುತ್ತಿತ್ತು.

ಒಬ್ಬ ಹೆಂಗಸಿನ ಕತೆ ಸಾಕ್ಷಿಯಾಗುವುದಿಲ್ಲ ಎಂದು ತಮ್ಮ ತಜ್ಞರು ಹೇಳಬಹುದು, ನ್ಯಾಯವೇ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯ 150 ಜನರನ್ನು ಮೂರು ಗುಂಪು ಮಾಡಿ ಐದು ವರ್ಷ ಗಮನಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಚ್‌ಬಿಎ1ಸಿಯನ್ನು 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ತಂದು ನಿಲ್ಲಿಸಿದವರು ಔಷಧ ಮಾತ್ರ ಪಡೆದವರಲ್ಲಿ ಶೇ 5, ಸ್ಲೀವ್ ಆದವರಲ್ಲಿ ಶೇ 23, ಬೈಪಾಸ್ ಆದವರಲ್ಲಿ ಶೇ 29. ಎಲ್ಲರಿಗೂ ಗುಣವಾಗಲಿಲ್ಲ ಎಂಬುದೂ ಈ ಅಂಕಿಯಲ್ಲೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಸ್ವೀಡನ್ನಿನಲ್ಲಿ 1987ರಿಂದ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂಬುದು ಕಂಡುಬಂದಿದೆ.

ಹಾಗೆಂದು ಬಂದವರಿಗೆಲ್ಲ ಮಾಡಿ ಎಂದು ನಾನು ಕೇಳುತ್ತಿಲ್ಲ. ಷರತ್ತುಗಳನ್ನು ಹೊಸದಾಗಿ ಕಂಡುಹಿಡಿಯಲು ಸಮಿತಿಯನ್ನೂ ನೇಮಿಸಬೇಕಾಗಿಲ್ಲ. ಖಾಸಗಿ ವಿಮಾ ಕಂಪನಿಗಳಿಗಾಗಿ ಐಆರ್‌ಡಿಎಐ ಎಂಬ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಬರೆದಿಟ್ಟಿದೆ. ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ 35 ಮುಟ್ಟಿದ್ದು, ಉಳಿದ ಉಪಾಯಗಳು ಸೋತು, ಬೊಜ್ಜಿನಿಂದ ಬಂದ ಹೃದಯದ ಕಾಯಿಲೆ, ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಗಳಂಥ ತೊಂದರೆ ಇರಬೇಕು. ಇದರ ಹೊರಗಿನದಕ್ಕೆ ಮಾತ್ರ ಕಂಪನಿಗಳು ಹಣ ನಿರಾಕರಿಸಬಹುದು. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್ ಯೋಜನೆಯೂ ಇಂಥದೇ ನಿಬಂಧನೆಗಳೊಂದಿಗೆ, ಮುಂಚಿತ ಅನುಮತಿಯ ಮೇಲೆ ಈ ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತದೆ. ಎಂದರೆ ಕೇಂದ್ರದ ಕಚೇರಿಯ ಗುಮಾಸ್ತರಿಗೆ ಇದು ಕಾಯಿಲೆ, ಅಕ್ಕಿ ಗಿರಣಿಯ ಗುಮಾಸ್ತೆಗೆ ಇದು ಶೋಕಿ. ಬೊಜ್ಜಿನ ಶಸ್ತ್ರಚಿಕಿತ್ಸಕರ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಮಿತಿಯನ್ನು ಇನ್ನೂ ಸಡಿಲಿಸಿ, ಬೇರೆ ಕಾಯಿಲೆ ಇರಲಿ ಬಿಡಲಿ 35ಕ್ಕೇ ಸಲಹೆ ಮಾಡಬಹುದು, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು ಎಂದಿವೆ. ನಾನು ಅಷ್ಟು ದೂರ ಹೋಗುವುದಿಲ್ಲ. 2019ರ ಹಳೆಯ, ಬಿಗಿಯಾದ ಷರತ್ತೇ ನಮಗೆ ಸಾಕು.

ಖಾಸಗಿ ವಿಮೆಯನ್ನೇ ಮಾಡಿಸಿಕೊಳ್ಳಬಾರದಿತ್ತೇ ಎನ್ನುವವರಿದ್ದಾರೆ. ಮೊದಲೇ ಕಾಯಿಲೆ ಇದ್ದವರು ಪಾಲಿಸಿ ಕೊಂಡರೆ ಮೂರು ವರ್ಷದವರೆಗೆ ಕಾಯಿಸಲು ನಿಯಮವೇ ಅವಕಾಶ ಕೊಟ್ಟಿದೆ. 2024ರವರೆಗೆ ಅದು ನಾಲ್ಕು ವರ್ಷವಿತ್ತು. ಇನ್ಸುಲಿನ್ ಚುಚ್ಚಿಕೊಳ್ಳುವ 108 ಕೆ.ಜಿ.ಯ ಹೆಂಗಸಿಗೆ ಪಾಲಿಸಿ ಮಾರಲು ಯಾವ ಏಜೆಂಟ್ ಓಡಿ ಬರುತ್ತಾನೆ ಎಂಬುದನ್ನು ಓದುವವರೇ ಊಹಿಸಬಹುದು. 2025ರಲ್ಲಿ ದೇಶಕ್ಕೆ ಬಂದ, ವಾರಕ್ಕೊಮ್ಮೆ ತೆಗೆದುಕೊಳ್ಳುವ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆಯೂ ಕೇಳುತ್ತಾರೆ. ಬಂದಾಗ ಅವುಗಳಲ್ಲೊಂದರ ಅತಿ ಸಣ್ಣ ಪ್ರಮಾಣಕ್ಕೇ ತಿಂಗಳಿಗೆ 14 ಸಾವಿರ ಇತ್ತು. ನಿಲ್ಲಿಸಿದರೆ ತೂಕ ಮರಳುತ್ತದೆ. ನನ್ನ ಸಂಬಳಕ್ಕೆ ಅದು ಹೊಂದುವ ಮಾತೇ ಆಗಿರಲಿಲ್ಲ.

ಮತ್ತೊಂದು ಆಕ್ಷೇಪ ಗಟ್ಟಿಯಾದುದು, ಅದಕ್ಕೆ ಹಗುರಾಗಿ ಉತ್ತರಿಸಲಾರೆ. ಕೊಪ್ಪಳ, ರಾಯಚೂರು ಎಂದರೆ ಅಪೌಷ್ಟಿಕತೆಗೆ ಹೆಸರಾದ ಜಿಲ್ಲೆಗಳು. ಮಕ್ಕಳಿಗೆ ಮೊಟ್ಟೆ, ಬಾಣಂತಿಯರಿಗೆ ರಕ್ತ ಕೊಡಲು ಹೆಣಗುತ್ತಿರುವಲ್ಲಿ ದಪ್ಪಗಿರುವವರ ಹೊಟ್ಟೆ ಕುಯ್ಯಲು ದುಡ್ಡು ಎಲ್ಲಿಂದ ತರಬೇಕು ಎನ್ನುತ್ತಾರೆ. ಹೀಗೆ ಕೇಳುವವರು ಬಡತನವೆಂದರೆ ತೆಳ್ಳಗಿರುವುದು ಎಂದು ತಿಳಿದಿದ್ದಾರೆ. ನನ್ನ ಮಗಳು ಬಡಕಲಿ, ಅವಳಿಗೆ ರಕ್ತಹೀನತೆ. 108 ಕೆ.ಜಿ. ಇದ್ದ ನನ್ನ ಹಿಮೋಗ್ಲೋಬಿನ್ ಕೂಡ 9ರ ಆಸುಪಾಸಿನಲ್ಲೇ ಇತ್ತು. ಒಂದೇ ಅಡುಗೆ ಮನೆಯಿಂದ ಬಂದ ಎರಡು ದೇಹಗಳು ಇವು. ಅನ್ನ ಹೇರಳ, ಬೇಳೆ ತೆಳು, ಹಣ್ಣು ಹಬ್ಬಕ್ಕೆ. ನನ್ನ ಅಜ್ಜಿಯ ಕಾಲಕ್ಕೆ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ಇದ್ದ ಗಂಗಾಳಕ್ಕೆ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸೋನಾಮಸೂರಿ ಬಂತು. ಭತ್ತದಿಂದಲೇ ನನ್ನ ಸಂಬಳ ನಡೆಯುವುದರಿಂದ ಅದನ್ನು ಬಯ್ಯಲಾರೆ, ಆದರೆ ಬದಲಾವಣೆ ಆದದ್ದು ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015–16ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 23ರಷ್ಟು ಜನ ಅಧಿಕ ತೂಕದವರು ಅಥವಾ ಬೊಜ್ಜಿನವರು. 2019–21ರ ಸಮೀಕ್ಷೆಗೆ ಅದು ಶೇ 30. ಇವರಲ್ಲಿ ಆಪರೇಷನ್ ಬೇಕಾಗುವವರು ಕೆಲವೇ ಮಂದಿ. ಆ ಕೆಲವರಲ್ಲಿ ಚಿನ್ನ ಇದ್ದವರು ಮಾಡಿಸಿಕೊಳ್ಳುತ್ತಾರೆ, ಇಲ್ಲದವರು ನನ್ನ ತಾಯಿಯ ದಾರಿ ಹಿಡಿಯುತ್ತಾರೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ಒಂದೂವರೆ ಲಕ್ಷ ಮೀರದಂತೆ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅಲ್ಲಿಂದ ಶಿಫಾರಸು ಪಡೆದು ಖಾಸಗಿ ಆಸ್ಪತ್ರೆ. ಈ ಕ್ರಮವೇ ನನಗೆ ಸರಿ ಕಾಣುತ್ತದೆ. ನನ್ನ ಆಪರೇಷನ್ನನ್ನು ಖಾಸಗಿಯವರಿಗೆ ದುಡ್ಡು ಸುರಿದು ಮಾಡಿಸಿ ಎಂದು ನಾನು ಕೇಳುವುದೇ ಇಲ್ಲ. ದೆಹಲಿಯ ಏಮ್ಸ್‌ನಲ್ಲಿ, ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ, ನಮಗೆ ಬೆಂಗಳೂರಿನಷ್ಟೇ ಹತ್ತಿರವಿರುವ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಸರ್ಕಾರಿ ವೈದ್ಯರೇ ಇದನ್ನು ಮಾಡಿದ್ದಾರೆ. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ. ರಾಯಚೂರಿನಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜಿದೆ, ಕೊಪ್ಪಳದಲ್ಲೂ ಕಾಲೇಜಾಗಿದೆ. ಏಮ್ಸ್ ಬೇಕೆಂದು ರಾಯಚೂರಿನವರು 2022ರ ಮೇ ತಿಂಗಳಲ್ಲಿ ಧರಣಿ ಕೂತರು. ಅದು ಬಂದಾಗ ಬರಲಿ. ಅಲ್ಲಿಯವರೆಗೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಬರುವ ಹಣದಲ್ಲಿ ಬಳ್ಳಾರಿ ಅಥವಾ ರಾಯಚೂರಿನ ಒಂದು ತಂಡಕ್ಕೆ ತರಬೇತಿ ಕೊಡಿಸಬಹುದು: ಒಬ್ಬ ಶಸ್ತ್ರಚಿಕಿತ್ಸಕರು, ದಪ್ಪ ದೇಹಕ್ಕೆ ಅರಿವಳಿಕೆ ಕೊಡಲು ಪಳಗಿದವರು, ಆಹಾರ ತಜ್ಞರು, ಮನಸ್ಸಿನ ವೈದ್ಯರು. ಸಣ್ಣ ರಂಧ್ರಗಳ ಮೂಲಕ ಆಪರೇಷನ್ ಮಾಡುವ ಲ್ಯಾಪ್ರೋಸ್ಕೋಪಿ ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ. ನನ್ನ ತೂಕ ತಡೆಯುವ ಆಪರೇಷನ್ ಟೇಬಲ್ ಮಾತ್ರ ಹೊಸದಾಗಿ ಬೇಕಾಗಬಹುದು.

ಆಪರೇಷನ್ನಿಗಿಂತ ಮುಖ್ಯವಾದದ್ದು ಆಮೇಲಿನ ವರ್ಷಗಳು. ಇದನ್ನು ಜಾಹೀರಾತುಗಳು ಹೇಳುವುದಿಲ್ಲ. ಬೈಪಾಸ್ ಆದವರು ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿಗಳನ್ನು ಬದುಕಿರುವವರೆಗೆ ತೆಗೆದುಕೊಳ್ಳಬೇಕು, ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಪ್ಪಿದರೆ ನರಗಳೇ ಕೆಡಬಹುದು. ದಿನಕ್ಕೆ 60 ಗ್ರಾಂ ಪ್ರೋಟೀನ್ ತಿನ್ನಬೇಕು ಎಂದು ಆಹಾರ ತಜ್ಞೆ ಬರೆದುಕೊಟ್ಟ ಹಾಳೆಯಲ್ಲಿ ಪನೀರ್, ಟೋಫು ಎಂದಿತ್ತು. ಮೊಟ್ಟೆ, ಶೇಂಗಾ, ಹೆಸರುಕಾಳು, ಮಡಿಕೆಕಾಳು, ಮಜ್ಜಿಗೆ ಎಂದು ನಾನೇ ತಿದ್ದಿಕೊಂಡೆ. ಮದುವೆಯೊಂದರಲ್ಲಿ ಒತ್ತಾಯಕ್ಕೆ ಹೋಳಿಗೆ ತಿಂದು, ಅರ್ಧ ಗಂಟೆಯಲ್ಲಿ ಬೆವರು ಕಿತ್ತು, ಎದೆ ಡವಗುಟ್ಟಿ ಗೋಡೆಗೊರಗಿ ಕೂತೆ. ಸಿಹಿ ನೇರವಾಗಿ ಕರುಳಿಗೆ ನುಗ್ಗಿದರೆ ಹಾಗಾಗುತ್ತದೆಯಂತೆ. ಇನ್ನೂ ಗಂಭೀರವಾದದ್ದು ನೋವಿನ ಮಾತ್ರೆ. ಡೈಕ್ಲೋಫೆನಾಕ್ ಜಾತಿಯ ಔಷಧಗಳಿಂದ ನನ್ನ ಪುಟ್ಟ ಚೀಲದ ಹೊಲಿಗೆಯ ಬಳಿ ಹುಣ್ಣಾಗಬಹುದು. ಮೊಣಕಾಲು ನೋವೆಂದು ಇಲ್ಲಿನ ಒಬ್ಬ ವೈದ್ಯರ ಬಳಿ ಹೋದರೆ ಅವರು ಏನನ್ನೂ ಕೇಳುವ ಮೊದಲೇ ಆ ಔಷಧವನ್ನು ಸಿರಿಂಜಿಗೆ ತುಂಬಿದ್ದರು. ನಾನು ಬೈಪಾಸ್ ಎಂದಾಗ ಹೃದಯದ್ದು ಎಂದುಕೊಂಡರು. ಸರ್ಕಾರ ಆಪರೇಷನ್ನಿಗೆ ಹಣ ಕೊಟ್ಟು ಇದನ್ನೆಲ್ಲ ಮರೆತರೆ ಕೊಟ್ಟದ್ದೂ ವ್ಯರ್ಥ. ವಿಟಮಿನ್ನು, ರಕ್ತ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು, ಅಲ್ಲಿನ ವೈದ್ಯರಿಗೆ ಒಂದು ಪುಟದ ಸೂಚನೆಯಾದರೂ ತಲುಪಬೇಕು. ಹೀಗೆ ಸ್ವಂತ ದುಡ್ಡಿನಲ್ಲಿ ಆಗಲೇ ಮಾಡಿಸಿಕೊಂಡು ಬಂದ ನನ್ನಂಥವರಿಗೂ ಅದು ಸಿಗಬೇಕು.

ಈ ಪತ್ರವನ್ನು ಈಗ ಬರೆಯಲು ಕಾರಣವಿದೆ. ನನ್ನನ್ನು ನೋಡಿದವರು ಆಸ್ಪತ್ರೆಯ ಹೆಸರು ಕೇಳುತ್ತಿದ್ದಾರೆ. ಸಿಂಧನೂರಿನ ಒಬ್ಬ ಹುಡುಗಿಯ ತಂದೆ ಎರಡು ಎಕರೆ ಮಾರಲು ಸಿದ್ಧವಿದ್ದಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬ ಹೆಂಗಸು ಕಂತಿನ ಸಾಲ ಕೊಡಿಸುವ ಏಜೆಂಟನ ಮಾತು ಕೇಳಿ, ಪರೀಕ್ಷೆಗಳೇ ಇಲ್ಲದೆ ವಾರದಲ್ಲಿ ಆಪರೇಷನ್ ಎಂದು ಮುಂಗಡ ಕೊಟ್ಟಿದ್ದಾರೆ. ನುರಿತ ಕೈಯಲ್ಲಿ ಇದು ಪಿತ್ತಕೋಶದ ಆಪರೇಷನ್ನಿನಷ್ಟೇ ಸುರಕ್ಷಿತ ಎನ್ನುತ್ತಾರೆ. ಆದರೂ ಹೊಲಿಗೆ ಸೋರಿದರೆ ಜೀವಕ್ಕೇ ಕುತ್ತು. ಸರ್ಕಾರಿ ಪಟ್ಟಿಯಲ್ಲಿ ಒಂದು ಚಿಕಿತ್ಸೆ ಸೇರಿದರೆ ಹಣ ಸಿಗುವುದರ ಜೊತೆಗೆ ಇನ್ನೊಂದು ಉಪಕಾರವಾಗುತ್ತದೆ: ಯಾರಿಗೆ ಮಾಡಬೇಕು, ಯಾರು ಮಾಡಬೇಕು, ಎಷ್ಟಕ್ಕೆ ಮಾಡಬೇಕು ಎಂದು ಕೇಳಲು ಒಬ್ಬರಿರುತ್ತಾರೆ. ಈಗ ಕೇಳುವವರು ಯಾರೂ ಇಲ್ಲ.

ನನ್ನ ಸಾಲವನ್ನು ಮನ್ನಾ ಮಾಡಿ ಎಂದು ಬೇಡುತ್ತಿಲ್ಲ, ಅದನ್ನು ನಾವೇ ತೀರಿಸುತ್ತೇವೆ. ತಮ್ಮಿಂದಲೋ, ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದಲೋ ಲಿಖಿತ ಉತ್ತರ ಬೇಕು. ಕೌಂಟರಿನ ಹುಡುಗನಿಗೆ ಸಿಗದ ಕೋಡ್ ಪಟ್ಟಿಯಲ್ಲಿ ಎಲ್ಲಾದರೂ ಇದ್ದರೆ ಅದರ ಸಂಖ್ಯೆ ತಿಳಿಸಿ, ನಾಳೆಯೇ ಸಿಂಧನೂರಿಗೆ ಫೋನ್ ಮಾಡಿ ಹೊಲ ಮಾರಬೇಡಿ ಎನ್ನುತ್ತೇನೆ. ಇಲ್ಲವಾದರೆ ಪಟ್ಟಿಯ ಮುಂದಿನ ಪರಿಷ್ಕರಣೆ ಯಾವಾಗ, ಸೇರಿಸಲು ಅರ್ಜಿಯನ್ನು ಯಾವ ಅಧಿಕಾರಿಗೆ ಕೊಡಬೇಕು, ನಮ್ಮ ಭಾಗದ ಯಾವ ಸರ್ಕಾರಿ ಕಾಲೇಜಿನಲ್ಲಿ ಇದನ್ನು ಆರಂಭಿಸುವ ಯೋಚನೆ ಇದೆ ಎಂಬುದನ್ನು ತಿಳಿಸಿ. ಬಿಲ್ಲುಗಳು, ಆಪರೇಷನ್ನಿಗೆ ಮೊದಲಿನ ಮತ್ತು ಆಮೇಲಿನ ರಕ್ತ ಪರೀಕ್ಷೆಯ ವರದಿಗಳು, ತಾಯಿಯ ಡಿಸ್ಚಾರ್ಜ್ ಕಾಗದಗಳು, ಎಲ್ಲದರ ನಕಲನ್ನು ತಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇನೆ. ತಮ್ಮ ಉತ್ತರವು ಕನ್ನಡದಲ್ಲಿರಲಿ, ದೊಡ್ಡ ಅಕ್ಷರದಲ್ಲಿರಲಿ; ಆರೋಗ್ಯಮಿತ್ರರ ಕೌಂಟರಿನ ಗಾಜಿಗೆ ಅಂಟಿಸಲು ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಅಕ್ಕಿ ಗಿರಣಿಯ ಲೆಕ್ಕದವಳು
ಗಂಗಾವತಿ, ಕೊಪ್ಪಳ ಜಿಲ್ಲೆ